ಪೆಟ್ರೋಲ್ ಇಳಿದು ಡೀಸೆಲ್ ಏರಿದ ಕತೆ

ಮಂಡ್ಯ ಜಿಲ್ಲೆಯ ನಕ್ಷೆಯನ್ನು ಎದುರಿಗೆ ಹರಡಿಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಮೊದಲಿನ ಎರಡು ಊರುಗಳಿಗೆ ರೈಲು ಉಂಟು. ಬೆಂಗಳೂರು-ಮೈಸೂರು ರೈಲುಮಾರ್ಗ 1880ರ ದಶಕದ ಆರಂಭದಲ್ಲೇ ಈ ಭಾಗಕ್ಕೆ ಬಂತು. ಹೈದರ್ ಮತ್ತು ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಕಾರಣಕ್ಕೆ ಪಾಂಡವಪುರವನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆಯುತ್ತಿದ್ದ ಕಾಲ ಅದು. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಪಟ್ಟಣಗಳಿಗೆ ಮಾತ್ರ ರೈಲು ಬರಲಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಅಂಚಿನಲ್ಲಿ ಮೈಸೂರು-ಹಾಸನ ಮಾರ್ಗ ಹಾದುಹೋಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಕಡೆ ರೈಲು ಓಡಾಡಿದ್ದು 2017ರಲ್ಲಿ. ಎರಡೂ ಪಟ್ಟಣಗಳ ಜನ ಆಸ್ಪತ್ರೆ, ಕಚೇರಿ, ಕಾಲೇಜು ಎಂದು ಮೈಸೂರಿಗೋ ಮಂಡ್ಯಕ್ಕೋ ಹೋಗಬೇಕಾದರೆ ಬಸ್ಸು, ಜೀಪು ಅಥವಾ ಕಾರನ್ನೇ ನೆಚ್ಚಿಕೊಳ್ಳಬೇಕು.

ಹೀಗೆ ರಸ್ತೆಯನ್ನೇ ನಂಬಿದ ಕಡೆ ಇಂಧನದ ಬೆಲೆ ಬರಿಯ ಸುದ್ದಿಯಲ್ಲ, ಮನೆಯ ಲೆಕ್ಕದ ಪುಸ್ತಕದ ಮೊದಲ ಸಾಲು. ಆಸೆಪಟ್ಟು ಕೊಂಡ ಚುರುಕಾದ ಪೆಟ್ರೋಲ್ ಕಾರನ್ನು ಮಾರಿ, ಸದ್ದು ಮಾಡುವ, ನಿಧಾನದ ಡೀಸೆಲ್ ಗಾಡಿಯನ್ನು ಮನೆಗೆ ತಂದವರು ಹಳೆಯ ಮೈಸೂರು ಸೀಮೆಯಲ್ಲಿ ಎಷ್ಟೋ ಮಂದಿ. ‘ಓಡಿಸಲು ಪೆಟ್ರೋಲ್, ಉಳಿಸಲು ಡೀಸೆಲ್’ ಎಂಬುದು ಸುಮಾರು ನಾಲ್ಕು ದಶಕಗಳ ಕಾಲ ಕಾರು ಕೊಳ್ಳುವವರ ತಿಳಿವಳಿಕೆಯಾಗಿತ್ತು. ಆದರೆ ಉಳಿದ ಆ ಹಣ ಎಲ್ಲಿಂದ ಬರುತ್ತಿತ್ತು? ಎಂಜಿನ್ನಿನ ಜಾಣತನದಿಂದಲೇ, ಸರ್ಕಾರದ ಖಜಾನೆಯಿಂದಲೇ, ಅಥವಾ ಮತ್ತೊಬ್ಬರ ಪಾಲಿನಿಂದಲೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇದ್ದಿಲಿನ ಬಸ್ಸುಗಳು

ಪೆಟ್ರೋಲಿಗೆ ಬದಲಿ ಹುಡುಕಿದ್ದು ಡೀಸೆಲ್ ಕಾಲದವರೇ ಮೊದಲೇನಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಇದ್ದಿಲಿನ ಬಸ್ಸುಗಳು ಓಡಿದವು. ಬಸ್ಸಿನ ಹಿಂಬದಿಗೆ ಕಬ್ಬಿಣದ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ, ಗಾಳಿ ಸಾಲದಂತೆ ಉರಿಸುತ್ತಿದ್ದರು. ಅರೆಬರೆ ಉರಿದ ಇದ್ದಿಲಿನಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಕೂಡಿದ ಅನಿಲವನ್ನು ಸೋಸಿ, ತಣಿಸಿ ಪೆಟ್ರೋಲ್ ಎಂಜಿನ್ನಿಗೇ ಉಣಿಸುತ್ತಿದ್ದರು. ಹೊರಡುವ ಮುನ್ನ ಕ್ಲೀನರ್ ಹಿಡಿಕೆ ತಿರುಗಿಸಿ ಗಾಳಿ ಊದಿ ಒಲೆ ಹೊತ್ತಿಸಬೇಕು. ಏರು ರಸ್ತೆ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು ಎಂಬುದು ಆ ಕಾಲದವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಮಾತು.

ಅದೇ ಎಂಜಿನ್ನಿನ ಬಲ ಬಹಳಷ್ಟು ಕುಗ್ಗುತ್ತಿತ್ತು, ಖರ್ಚು ಇಳಿಯುತ್ತಿತ್ತು. ಬಲ ಬಿಟ್ಟುಕೊಟ್ಟು ಹಣ ಉಳಿಸುವ ಈ ವ್ಯವಹಾರವೇ ಮುಂದಿನ ಡೀಸೆಲ್ ಕತೆಯ ಮೊದಲ ಅಧ್ಯಾಯ ಎನ್ನಬಹುದು. ಯುದ್ಧ ಮುಗಿದು ಪೆಟ್ರೋಲ್ ಸುಲಭವಾಗಿ ಸಿಗತೊಡಗಿದಂತೆ ಇದ್ದಿಲಿನ ಡ್ರಮ್ಮುಗಳು ಗುಜರಿ ಸೇರಿದವು. 1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬಸ್ಸು, ಲಾರಿಗಳೆಲ್ಲ ಡೀಸೆಲ್ಲಿಗೆ ಬದಲಾದವು. ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಮತ್ತು ನೀರೆತ್ತುವ ಎಂಜಿನ್ನುಗಳೂ ಡೀಸೆಲ್ಲಿನವೇ. ಕಾರು ಮತ್ತು ಮೋಟಾರ್ ಸೈಕಲ್ ಮಾತ್ರ ಪೆಟ್ರೋಲಿನಲ್ಲಿ ಉಳಿದವು.

ಕನ್ನಂಬಾಡಿಯಿಂದ ಫಿಯೆಟ್‌ವರೆಗೆ

ಕಾರಿನ ಕತೆಗೂ ಈ ಸೀಮೆಗೂ ಒಂದು ನಂಟಿದೆ. 1911ರಲ್ಲಿ ಕಟ್ಟಲು ತೊಡಗಿದ ಕನ್ನಂಬಾಡಿ ಅಣೆಕಟ್ಟೆ ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಅದರ ರೂವಾರಿ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಇಳಿದ ಎಷ್ಟೋ ವರ್ಷಗಳ ಮೇಲೆ, 1930ರ ದಶಕದ ನಡುವಿನಲ್ಲಿ, ಭಾರತದಲ್ಲಿಯೇ ಮೋಟಾರು ಕಾರು ತಯಾರಿಸುವ ಯೋಜನೆ ರೂಪಿಸಿದರು. ಅದಕ್ಕಾಗಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಆ ಕನಸಿಗೆ ಕೈಜೋಡಿಸಿದರು. 1944ರಲ್ಲಿ ಮುಂಬಯಿಯಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ನಮ್ಮ ಜನ ‘ಫಿಯೆಟ್ ಕಾರು’ ಎಂದು ಕರೆದ, 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂದು ಹೆಸರು ಬದಲಿಸಿಕೊಂಡ ಪುಟ್ಟ ಕಾರು ಹೊರಬಂದದ್ದು ಆ ಕಾರ್ಖಾನೆಯಿಂದ. ಕೋಲ್ಕತ್ತದ ಬಳಿಯ ಉತ್ತರಪಾರಾದಿಂದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಡರ್ ಬರುತ್ತಿತ್ತು. ಎರಡೂ ಪೆಟ್ರೋಲ್ ಕಾರುಗಳೇ.

ಪೆಟ್ರೋಲ್ ಅಗ್ಗವಾಗಿದ್ದಷ್ಟು ಕಾಲ ಯಾರೂ ಲೆಕ್ಕ ಹಾಕಲಿಲ್ಲ. 1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆಯಿತು. ಪೀಪಾಯಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾತೈಲದ ಬೆಲೆ 1974ರ ಆರಂಭದ ಹೊತ್ತಿಗೆ ಹನ್ನೆರಡು ಡಾಲರಿನ ಹತ್ತಿರಕ್ಕೆ ಏರಿತು. ಭಾರತದಲ್ಲೂ ಪೆಟ್ರೋಲ್ ದುಬಾರಿಯಾಯಿತು. ಆ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಪ್ರತಿಭಟನೆಗಾಗಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು. ಕಾರಿದ್ದವರು ಅದನ್ನು ಹೊರಗೆ ತೆಗೆಯುವ ಮೊದಲು ಎರಡು ಬಾರಿ ಯೋಚಿಸುವ ಕಾಲ ಶುರುವಾದದ್ದು ಅಲ್ಲಿಂದ.

ಎಂಜಿನ್ನಿನ ಗುಟ್ಟು

ಇಲ್ಲಿ ಡೀಸೆಲ್ ಎಂಜಿನ್ ಹೇಗೆ ಹಣ ಉಳಿಸುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಜರ್ಮನಿಯ ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದು, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸಮರ್ಪಕವಾಗಿ ಕೆಲಸ ಮಾಡುವ ಎಂಜಿನ್ ತೋರಿಸಿದ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಹೆಚ್ಚು ಒತ್ತಿದರೆ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಹೊತ್ತಿಕೊಂಡು ಎಂಜಿನ್ ‘ನಾಕ್’ ಹೊಡೆಯುತ್ತದೆ. ಆದ್ದರಿಂದ ಹಳೆಯ ಕಾರುಗಳಲ್ಲಿ ಅದನ್ನು ಏಳೆಂಟು ಪಟ್ಟಿಗಿಂತ ಹೆಚ್ಚು ಒತ್ತುತ್ತಿರಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಒತ್ತುವುದು ಬರಿಯ ಗಾಳಿಯನ್ನು, ಅದೂ ಇಪ್ಪತ್ತು ಪಟ್ಟಿನ ಹತ್ತಿರ. ಸೈಕಲ್ ಪಂಪನ್ನು ರಭಸದಿಂದ ಒತ್ತಿದರೆ ಅದರ ಬುಡ ಬಿಸಿಯಾಗುವುದಿಲ್ಲವೆ? ಹಾಗೆಯೇ ಇಲ್ಲಿ ಗಾಳಿ ಕೆಂಡದಂತೆ ಕಾಯುತ್ತದೆ. ಆ ಗಳಿಗೆಗೆ ನಾಜಲ್‌ನಿಂದ ಚಿಮ್ಮುವ ಡೀಸೆಲ್ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ.

ಹೆಚ್ಚು ಒತ್ತಿದಷ್ಟೂ ಶಾಖದಿಂದ ಹೆಚ್ಚು ಕೆಲಸ ತೆಗೆಯಬಹುದು ಎಂಬುದು ಎಂಜಿನ್ ಶಾಸ್ತ್ರದ ನಿಯಮ. ಜೊತೆಗೆ ಡೀಸೆಲ್ ಪೆಟ್ರೋಲಿಗಿಂತ ಗಟ್ಟಿಯಾದ ಎಣ್ಣೆ. ಲೀಟರಿನ ಲೆಕ್ಕದಲ್ಲಿ ಅದರಲ್ಲಿ ಶೇಕಡ ಹತ್ತಕ್ಕೂ ಮಿಗಿಲಾಗಿ ಹೆಚ್ಚು ಶಕ್ತಿ ಅಡಗಿದೆ. ಸಣ್ಣ ವೇಗದಲ್ಲಿ, ಅರೆ ಹೊರೆಯಲ್ಲಿ ಓಡುವಾಗ ಅದರ ಮಿತವ್ಯಯ ಇನ್ನೂ ಎದ್ದು ಕಾಣುತ್ತದೆ. ಇಷ್ಟು ಉಳಿತಾಯ ಯಾರ ಕೃಪೆಯೂ ಅಲ್ಲ, ಎಂಜಿನ್ನಿನದೇ ಸಂಪಾದನೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಅಷ್ಟು ಒತ್ತಡ ತಡೆಯಲು ಎಂಜಿನ್ನಿನ ಕಬ್ಬಿಣ ದಪ್ಪವಾಗಿರಬೇಕು. ತೂಕ, ಸದ್ದು, ನಡುಕ ಹೆಚ್ಚು. ಬೇಗ ಬೇಗ ತಿರುಗುವುದು ಅದಕ್ಕೆ ಒಗ್ಗದು. ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಸುಮಾರು 50 ಅಶ್ವಶಕ್ತಿ ಕೊಡುತ್ತಿದ್ದರೆ, ಅಷ್ಟೇ ಗಾತ್ರದ ಡೀಸೆಲ್ ಎಂಜಿನ್ ಕೊಡುತ್ತಿದ್ದದ್ದು 40ಕ್ಕಿಂತ ಕಡಿಮೆ.

ರೈತನ ಹೆಸರಿನ ಬೆಲೆ

ಉಳಿತಾಯದ ಮತ್ತೊಂದು ಪಾಲು ಬಂದದ್ದು ದೆಹಲಿಯಿಂದ. ತೈಲದ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ಪೆಟ್ರೋಲಿಯಂ ವಸ್ತುಗಳ ಬೆಲೆಯನ್ನು ಸರ್ಕಾರವೇ ಗೊತ್ತುಪಡಿಸುವ ವ್ಯವಸ್ಥೆ ಬಲಗೊಂಡಿತು. ಅದರ ಹಿಂದಿನ ತರ್ಕ ಸರಳವಾದುದು. ಪೆಟ್ರೋಲ್ ಕಾರಿದ್ದವರ, ಅಂದರೆ ಉಳ್ಳವರ ಇಂಧನ. ಅದರ ಮೇಲೆ ಹೆಚ್ಚು ತೆರಿಗೆ ಹಾಕಿದರೆ ತಪ್ಪಿಲ್ಲ. ಡೀಸೆಲ್ ಬಸ್ಸಿನದು, ಲಾರಿಯದು, ಟ್ರ್ಯಾಕ್ಟರಿನದು. ಅದರ ಬೆಲೆ ಏರಿದರೆ ಟಿಕೆಟ್ ದರ ಏರುತ್ತದೆ, ಉಳುಮೆಯ ಬಾಡಿಗೆ ಏರುತ್ತದೆ, ಅಕ್ಕಿ-ಬೇಳೆಯ ಬೆಲೆ ಏರುತ್ತದೆ. ಆದ್ದರಿಂದ ಅದನ್ನು ಅಗ್ಗವಾಗಿಡಬೇಕು. ಪೆಟ್ರೋಲಿನ ಹತ್ತಿರ ಹತ್ತಿರ ಅರ್ಧ ಬೆಲೆಗೆ ಡೀಸೆಲ್ ಸಿಗುತ್ತಿದ್ದ ವರ್ಷಗಳೂ ಇದ್ದವು.

ಈ ತರ್ಕಕ್ಕೆ ಈ ನಾಲ್ಕು ತಾಲ್ಲೂಕುಗಳೇ ಒಳ್ಳೆಯ ಉದಾಹರಣೆ. ಹಿಂದೆ ಇರ್ವಿನ್ ನಾಲೆ ಎನಿಸಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿನಲ್ಲಿ ಕಬ್ಬು, ಭತ್ತ ಬೆಳೆಯುತ್ತದೆ. ಕಬ್ಬು ಗದ್ದೆಯಿಂದ ಕಾರ್ಖಾನೆಗೋ ಆಲೆಮನೆಗೋ ಹೋಗುವುದು ಟ್ರ್ಯಾಕ್ಟರ್, ಲಾರಿಗಳಲ್ಲಿ. ನಾಲೆಯ ನೀರು ಕಾಣದ ನಾಗಮಂಗಲದ ಬೆದ್ದಲಿನಲ್ಲಿ ರಾಗಿ, ಹುರುಳಿ, ತೆಂಗು. ಅಲ್ಲಿಯ ರೈತ ಮಳೆ ಬಿದ್ದ ಎರಡು ದಿನದಲ್ಲಿ ಉಳುಮೆ ಮುಗಿಸಬೇಕು. ಎತ್ತುಗಳು ಕಡಿಮೆಯಾದಂತೆ ಗಂಟೆಯ ಲೆಕ್ಕದ ಬಾಡಿಗೆ ಟ್ರ್ಯಾಕ್ಟರೇ ಗತಿ. ಇವರೆಲ್ಲರ ಹೆಸರಿನಲ್ಲಿ ಡೀಸೆಲ್ ಅಗ್ಗವಾಗಿತ್ತು. ಆದರೆ ಪೆಟ್ರೋಲ್ ಬಂಕಿನ ಪಂಪಿಗೆ ಬಂದು ನಿಂತ ಗಾಡಿ ಟ್ರ್ಯಾಕ್ಟರೋ ಕಾರೋ ಎಂಬ ಭೇದ ಗೊತ್ತಿಲ್ಲ. ಡೀಸೆಲ್ ಕೇಳಿದ ಎಲ್ಲರಿಗೂ ಒಂದೇ ಬೆಲೆ. ಕಾರಿನವರು ಒಳಗೆ ಬಂದದ್ದು ಈ ಬಾಗಿಲಿನಿಂದ.

ಹೊಟ್ಟೆಯೊಳಗಿನ ಬದಲಾವಣೆ

ಮೊದಲು ಬಂದವರು ಜೀಪಿನವರು ಮತ್ತು ಬಾಡಿಗೆ ಕಾರಿನವರು. ಮಹೀಂದ್ರ ಕಂಪನಿ 1970ರ ದಶಕದಲ್ಲಿ ಪೆಟ್ರೋಲ್ ಜೀಪಿನ ಜೊತೆಗೆ ಡೀಸೆಲ್ ಜೀಪನ್ನೂ ಹೊರತಂದಿತು. ಅದಕ್ಕೆ ಹಾಕಿದ್ದು ಮೂಲತಃ ಟ್ರ್ಯಾಕ್ಟರಿನ ಎಂಜಿನ್. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ ತಂತ್ರಜ್ಞಾನದ ಎಂಜಿನ್ ಬಂತು. 1970ರ ದಶಕದ ಕೊನೆಯ ಹೊತ್ತಿಗೆ ಅಂಬಾಸಡರ್ ಕೂಡ ಡೀಸೆಲ್ ಎಂಜಿನ್ನಿನೊಂದಿಗೆ ರಸ್ತೆಗಿಳಿಯಿತು. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್, ರಂಗನಾಥಸ್ವಾಮಿ ದೇವಾಲಯ, ಕನ್ನಂಬಾಡಿಯ ಬೃಂದಾವನ ಎಂದು ಪ್ರವಾಸಿಗಳನ್ನು ಸುತ್ತಿಸುವ ಟೂರಿಸ್ಟ್ ಟ್ಯಾಕ್ಸಿಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ವೇಗ ಯಾರಿಗೆ ಬೇಕಿತ್ತು? ಕಿಲೋಮೀಟರಿಗೆ ಎಷ್ಟು ಉಳಿಯಿತು ಎಂಬುದಷ್ಟೇ ಪ್ರಶ್ನೆ.

ಹೊಸ ಕಾರಿಗೆ ಹಣವಿಲ್ಲದವರು ಇದ್ದ ಕಾರಿನ ಎಂಜಿನ್ನನ್ನೇ ಬದಲಿಸಿದರು. ಪೆಟ್ರೋಲ್ ಅಂಬಾಸಡರ್‌ನ ಎಂಜಿನ್ ಇಳಿಸಿ, ಟೆಂಪೊ ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂಡಿಸುವುದು ಆ ದಶಕಗಳ ಗ್ಯಾರೇಜುಗಳಲ್ಲಿ ಮಾಮೂಲಿ ಕೆಲಸವಾಗಿತ್ತು. ಅದು ಬರಿಯ ಎಂಜಿನ್ ಬದಲಾವಣೆಯಲ್ಲ. ಡೀಸೆಲ್ ಎಂಜಿನ್ನಿನ ತೂಕ ತಡೆಯಲು ಮುಂದಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡಬೇಕು. ನಡುಕ ತಡೆಯಲು ಎಂಜಿನ್ ಕೂರುವ ಫೌಂಡೇಷನ್ ಬದಲಿಸಬೇಕು. ಹೆಚ್ಚು ಒತ್ತಡದ ಎಂಜಿನ್ನನ್ನು ತಿರುಗಿಸಲು ದೊಡ್ಡ ಬ್ಯಾಟರಿ, ಬಲವಾದ ಸ್ಟಾರ್ಟರ್ ಬೇಕು. ಗೇರ್ ಬಾಕ್ಸ್ ಹೊಂದದಿದ್ದರೆ ಎಂಜಿನ್ ಅರಚಿಕೊಂಡರೂ ಗಾಡಿ ಮುಂದಕ್ಕೆ ಹೋಗದು. ಟ್ಯಾಂಕು ಬರಿದಾಗಿ ಪೈಪಿನೊಳಗೆ ಗಾಳಿ ಹೊಕ್ಕರೆ ನಡುರಸ್ತೆಯಲ್ಲಿ ನಿಂತು, ಪಂಪು ಒತ್ತಿ ಒತ್ತಿ ಗಾಳಿ ಹೊರಹಾಕಬೇಕು. ಕೊನೆಗೆ ಆರ್‌ಟಿಓ ಕಚೇರಿಯಲ್ಲಿ ಆರ್.ಸಿ. ಪುಸ್ತಕಕ್ಕೆ ಹೊಸ ಎಂಜಿನ್ನಿನ ಸಂಖ್ಯೆ ಮತ್ತು ಇಂಧನ ಬರೆಸಬೇಕು. ಇಷ್ಟೆಲ್ಲ ತೊಂದರೆ ಪಟ್ಟರೂ ದಿನಕ್ಕೆ ನೂರಾರು ಕಿಲೋಮೀಟರ್ ಓಡುವವನಿಗೆ ಅದು ಲಾಭವೇ ಆಗಿತ್ತು.

ಮೋಟಾರ್ ಸೈಕಲ್ಲಿಗೂ ಈ ಗಾಳಿ ಬೀಸಿತು. ರಾಯಲ್ ಎನ್‌ಫೀಲ್ಡ್ ಕಂಪನಿಯ ‘ಟಾರಸ್’ ಎಂಬ ಡೀಸೆಲ್ ಬುಲೆಟ್ಟಿನ 325 ಸಿಸಿ ಎಂಜಿನ್ ಕೊಡುತ್ತಿದ್ದದ್ದು ಆರೂವರೆ ಅಶ್ವಶಕ್ತಿ ಮಾತ್ರ. ಗಂಟೆಗೆ 65 ಕಿಲೋಮೀಟರ್ ದಾಟಲು ಹೆಣಗುತ್ತಿದ್ದ ಈ ಗಾಡಿ ಒಂದು ಲೀಟರಿಗೆ 70 ಕಿಲೋಮೀಟರಿಗೂ ಹೆಚ್ಚು ಓಡುತ್ತಿತ್ತು. ಗತ್ತಿಗೆ ಹೆಸರಾದ ಬುಲೆಟ್ಟು ಹಾಲಿನ ಕ್ಯಾನು ಹೊರುವ ಸಾಧು ಪ್ರಾಣಿಯಾಯಿತು. ಹೊಗೆಯ ನಿಯಮಗಳು ಬಿಗಿಯಾದಾಗ, 2000ದ ಸುಮಾರಿಗೆ, ಅದರ ತಯಾರಿಕೆ ನಿಂತಿತು.

ಆ ಕಾಲದಲ್ಲಿ ‘ವೇಗದ ಕಾರು’ ಎಂದರೆ ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ. 1984ರಲ್ಲಿ ಬಂದ ಈ ಉದ್ದ ಮೂತಿಯ ಕಾರಿಗೆ ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಕೂಡಿಸಿದಾಗ ಅದು ಯುವಕರ ಕನಸಾಯಿತು. ಆದರೆ ಪೆಟ್ರೋಲ್ ಕುಡಿಯುವುದರಲ್ಲೂ ಅದು ಮುಂದಿತ್ತು. ಕೆಲವು ವರ್ಷಗಳಲ್ಲಿ ಕಂಪನಿಯೇ ಅದಕ್ಕೆ ಇಸುಜುವಿನ ಎರಡು ಲೀಟರ್ ಡೀಸೆಲ್ ಎಂಜಿನ್ ಹಾಕಿ ಮಾರಿತು. ಕನಸಿನ ಕಾರನ್ನು ಕೈಬಿಡದೆ ಖರ್ಚನ್ನು ಮಾತ್ರ ಇಳಿಸುವ ದಾರಿ ಅದು.

ಬಿಡದಿಯ ಗಾಡಿಗಳು, ಇಟಲಿಯ ಎಂಜಿನ್

ಆರ್ಥಿಕ ಉದಾರೀಕರಣದ ನಂತರ ಚಿತ್ರ ಬದಲಾಯಿತು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಬಂತು. ಸಣ್ಣ ಕಾರಿನಲ್ಲಿ ಕಾರ್ಖಾನೆಯಿಂದಲೇ ಕೂಡಿಸಿದ ಡೀಸೆಲ್ ಎಂಜಿನ್. ಟ್ಯಾಕ್ಸಿಯವರು ಅದನ್ನು ಬಾಚಿಕೊಂಡರು. 2000ದಲ್ಲಿ ಇದೇ ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯ ಕಾರ್ಖಾನೆಯಿಂದ ಟೊಯೋಟ ಕ್ವಾಲಿಸ್ ಹೊರಬಂತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಮದುವೆ, ಮುಂಜಿ, ಆಸ್ಪತ್ರೆ, ಧರ್ಮಸ್ಥಳ ಯಾತ್ರೆ ಎಂದರೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜನ ಹುಡುಕುತ್ತಿದ್ದದ್ದು ಈ ಗಾಡಿಗಳನ್ನೇ.

ಇನ್ನೊಂದೆಡೆ ಪೆಟ್ರೋಲಿನ ಚುರುಕು ಕಾರುಗಳಿಗೂ ಅದು ಒಳ್ಳೆಯ ಕಾಲವೇ. 2000ದಲ್ಲಿ ಬಂದ ಹೋಂಡಾ ಸಿಟಿ ವಿಟೆಕ್‌ನ ಒಂದೂವರೆ ಲೀಟರ್ ಎಂಜಿನ್ ನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿತ್ತು. ಇಟಲಿಯ ಫಿಯೆಟ್ 2001ರಲ್ಲಿ ತಂದ ಪ್ಯಾಲಿಯೊದ 1.6 ಲೀಟರ್ ಮಾದರಿಯೂ ನೂರು ಅಶ್ವಶಕ್ತಿಯದು. ವೇಗದ ರುಚಿ ಹತ್ತಿದವರು ಇವನ್ನು ಕೊಂಡರು. ಆದರೆ ಅದೇ ಫಿಯೆಟ್ ಭಾರತದಲ್ಲಿ ದೊಡ್ಡ ಹೆಸರು ಮಾಡಿದ್ದು ವೇಗದ ಪೆಟ್ರೋಲ್ ಕಾರಿನಿಂದಲ್ಲ, 1248 ಸಿಸಿಯ ಪುಟ್ಟ ಡೀಸೆಲ್ ಎಂಜಿನ್ನಿನಿಂದ. 2007ರಲ್ಲಿ ಮಾರುತಿ ಸ್ವಿಫ್ಟ್ ಈ ಎಂಜಿನ್ ಪಡೆಯಿತು. ಟಾಟಾ ಕಾರುಗಳಿಗೂ ಅದು ಬಂತು. ಅದರಲ್ಲಿ ಟರ್ಬೊ ಇತ್ತು. ಕಂಪ್ಯೂಟರ್ ಅಳೆದು ಕೊಟ್ಟಷ್ಟೇ ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸುವ ವ್ಯವಸ್ಥೆ ಇತ್ತು. ಅಶ್ವಶಕ್ತಿ 75 ಮಾತ್ರವಾದರೂ ಎಳೆಯುವ ಬಲದಲ್ಲಿ ಅದು ತನಗಿಂತ ದೊಡ್ಡ ಪೆಟ್ರೋಲ್ ಎಂಜಿನ್ನುಗಳನ್ನೂ ಮೀರಿಸುತ್ತಿತ್ತು. ವೇಗವನ್ನು ಪೂರ್ತಿ ಬಿಟ್ಟುಕೊಡದೆ ಹಣ ಉಳಿಸಬಹುದು ಎಂದು ತಿಳಿದ ಮೇಲೆ ಕೇಳಬೇಕೆ? ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಡೀಸೆಲ್ಲಿನ ಪಾಲು 2012-13ರ ಹೊತ್ತಿಗೆ ಅರ್ಧದ ಮಟ್ಟ ಮುಟ್ಟಿತು.

ಕಿಲೋಮೀಟರಿನ ಲೆಕ್ಕ

ಆ ಹೊತ್ತಿನ ಲೆಕ್ಕ ಹೀಗಿತ್ತು. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು, ಡೀಸೆಲ್ಲಿನದನ್ನು ಬಿಡಲಿಲ್ಲ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಲೀಟರ್ ಪೆಟ್ರೋಲಿಗೆ 73 ರೂಪಾಯಿ 18 ಪೈಸೆಯಾದಾಗ ಡೀಸೆಲ್ 40 ರೂಪಾಯಿ 91 ಪೈಸೆಯಲ್ಲೇ ಇತ್ತು. ಲೀಟರಿಗೆ 12 ಕಿ.ಮೀ. ಓಡುವ ಚುರುಕಾದ ಪೆಟ್ರೋಲ್ ಕಾರನ್ನು ಮಾರಿ, 18 ಕಿ.ಮೀ. ಓಡುವ ಡೀಸೆಲ್ ಕಾರು ಕೊಂಡವನೊಬ್ಬನನ್ನು ಊಹಿಸಿಕೊಳ್ಳೋಣ. ಪೆಟ್ರೋಲಿನಲ್ಲಿ ಅವನಿಗೆ ಕಿಲೋಮೀಟರಿಗೆ 6 ರೂಪಾಯಿ 10 ಪೈಸೆ, ಡೀಸೆಲ್ಲಿನಲ್ಲಿ 2 ರೂಪಾಯಿ 27 ಪೈಸೆ. ಉಳಿತಾಯ 3 ರೂಪಾಯಿ 83 ಪೈಸೆ.

ಈ 3 ರೂಪಾಯಿ 83 ಪೈಸೆಯನ್ನು ಒಡೆದು ನೋಡಿದರೆ ಕತೆಯ ತಿರುಳು ಸಿಗುತ್ತದೆ. ಡೀಸೆಲ್ಲಿಗೂ ಪೆಟ್ರೋಲಿನ ಬೆಲೆಯೇ ಇದ್ದಿದ್ದರೆ ಅವನು ಉಳಿಸುತ್ತಿದ್ದದ್ದು 2 ರೂಪಾಯಿ 3 ಪೈಸೆ. ಅದು ಹೊಸ ಎಂಜಿನ್ನಿನ ಪಾಲು. ಅದರಲ್ಲೂ ಒಂದಿಷ್ಟು, ಅವನು ವೇಗ ಬಿಟ್ಟುಕೊಟ್ಟದ್ದರ ಪ್ರತಿಫಲ. ಉಳಿದ 1 ರೂಪಾಯಿ 80 ಪೈಸೆ ಬಂದದ್ದು ರೈತನ, ಬಸ್ ಪ್ರಯಾಣಿಕನ ಹೆಸರಿನಲ್ಲಿ ಅಗ್ಗವಾಗಿಟ್ಟ ಬೆಲೆಯಿಂದ. ಅಂದರೆ ಉಳಿತಾಯದ ಹತ್ತಿರ ಹತ್ತಿರ ಅರ್ಧ ಅವನ ಜಾಣತನದ್ದಲ್ಲ.

ಡೀಸೆಲ್ ಕಾರಿಗೆ ಒಂದು ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದಾನೆ ಎಂದುಕೊಂಡರೆ, ಆ ಹಣ ಮರಳಿ ಬರಲು ಸುಮಾರು 26 ಸಾವಿರ ಕಿಲೋಮೀಟರ್ ಓಡಬೇಕು. ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವನಿಗೆ ಒಂಬತ್ತು ತಿಂಗಳೂ ಬೇಡ. ಆದರೆ ನಾಗಮಂಗಲದಿಂದಲೋ ಕೆ.ಆರ್. ಪೇಟೆಯಿಂದಲೋ ವಾರಕ್ಕೊಮ್ಮೆ ಮೈಸೂರಿಗೆ ಹೋಗಿ, ಸುಮಾರು 120 ಕಿಲೋಮೀಟರ್ ಓಡಿಸಿ ಬರುವ ಮೇಷ್ಟರಿಗೆ ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ‘ಎಲ್ಲರೂ ಡೀಸೆಲ್ ಕೊಳ್ಳುತ್ತಿದ್ದಾರೆ’ ಎಂದು ಕೊಂಡ ಎಷ್ಟೋ ಜನ ಈ ಎರಡನೆಯ ಗುಂಪಿನವರು. ಡೀಸೆಲ್ ಎಂಜಿನ್ನಿನ ನಾಜಲ್, ಪಂಪು, ಟರ್ಬೊ ಕೆಟ್ಟರೆ ರಿಪೇರಿ ದುಬಾರಿ ಎಂಬುದನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ.

ಮುಚ್ಚಿದ ಬಾಗಿಲು

ಕಾರಿನವರು ರೈತರ ಪಾಲಿಗೆ ಕೈ ಹಾಕುತ್ತಿದ್ದಾರೆ ಎಂಬುದು ಸರ್ಕಾರಕ್ಕೆ ತಿಳಿಯದ ವಿಷಯವಾಗಿರಲಿಲ್ಲ. ಇಂಧನ ಬೆಲೆಗಳ ಬಗ್ಗೆ ಕಿರೀಟ್ ಪಾರಿಖ್ ಸಮಿತಿ 2010ರಲ್ಲಿ ವರದಿ ಕೊಟ್ಟಾಗ, ಡೀಸೆಲ್ ಕಾರುಗಳ ಮೇಲೆ 80 ಸಾವಿರ ರೂಪಾಯಿ ಹೆಚ್ಚುವರಿ ಅಬಕಾರಿ ಸುಂಕ ಹಾಕಬೇಕೆಂದು ಸೂಚಿಸಿತ್ತು. ಹಾಗೆ ಮಾಡಿದ್ದರೆ ಟ್ರ್ಯಾಕ್ಟರ್, ಬಸ್ಸುಗಳಿಗೆ ಅಗ್ಗದ ಡೀಸೆಲ್ ಕೊಡುತ್ತಲೇ ಕಾರಿನವರಿಂದ ಅದರ ಬೆಲೆ ವಸೂಲು ಮಾಡಬಹುದಿತ್ತು. ಆ ಸಲಹೆ ಜಾರಿಗೆ ಬರಲಿಲ್ಲ. ಬದಲಿಗೆ 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಸುಮಾರು ಐವತ್ತು ಪೈಸೆಯಂತೆ ಎಲ್ಲರಿಗೂ ಏರಿಸಲಾಯಿತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ಲಿನ ಮೇಲಿನ ಹಿಡಿತವನ್ನೂ ಸರ್ಕಾರ ಬಿಟ್ಟಿತು. ಕಾರಿನವರು ನುಗ್ಗಿದ ಬಾಗಿಲನ್ನು ಮುಚ್ಚಿದಾಗ ಟ್ರ್ಯಾಕ್ಟರಿನವನೂ ಹೊರಗೆ ಉಳಿದ.

2020ರ ಜೂನ್ 24ರಂದು ದೆಹಲಿಯಲ್ಲಿ ಹಿಂದೆಂದೂ ಕಾಣದ ಸಂಗತಿ ನಡೆಯಿತು. ಪೆಟ್ರೋಲ್ 79 ರೂಪಾಯಿ 76 ಪೈಸೆ, ಡೀಸೆಲ್ 79 ರೂಪಾಯಿ 88 ಪೈಸೆ. ಬಡವರ ಇಂಧನವೇ ದುಬಾರಿಯಾಗಿತ್ತು. ಮೇಲಿನ ಲೆಕ್ಕವನ್ನೇ ಆ ದಿನಕ್ಕೆ ಹಾಕಿದರೆ ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 21 ಪೈಸೆ. ಒಂದು ಲಕ್ಷ ಮರಳಿ ಬರಲು 45 ಸಾವಿರ ಕಿಲೋಮೀಟರ್, ಮೇಷ್ಟರ ಪಾಲಿಗೆ ಏಳು ವರ್ಷಕ್ಕೂ ಹೆಚ್ಚು. ನಂತರದ ವರ್ಷಗಳಲ್ಲಿ ಅಂತರ ಮತ್ತೆ ಸ್ವಲ್ಪ ಹಿಗ್ಗಿತು. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇಕಡ 21.17ಕ್ಕೆ ಏರಿದ ಮೇಲೆ ಬೆಂಗಳೂರಿನಲ್ಲಿ ಲೀಟರಿಗೆ ಸುಮಾರು 12 ರೂಪಾಯಿಯ ವ್ಯತ್ಯಾಸ ಉಳಿದಿತ್ತು. 2012ರ 32 ರೂಪಾಯಿಯ ಅಂತರ ಮಾತ್ರ ಮರಳಿ ಬರಲಿಲ್ಲ.

ಇನ್ನೊಂದು ಬಾಕಿಯೂ ಇತ್ತು, ಹೊಗೆಯದು. ಡೀಸೆಲ್ ಹೊಗೆ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂತು. ಹೊಗೆಯ ಮಸಿಯನ್ನು, ಸಾರಜನಕದ ಆಕ್ಸೈಡುಗಳನ್ನು ತಡೆಯುವ ಸಾಧನಗಳನ್ನು ಕೂಡಿಸಬೇಕಾಗಿ ಬಂದದ್ದರಿಂದ ಸಣ್ಣ ಡೀಸೆಲ್ ಕಾರು ಇನ್ನಷ್ಟು ದುಬಾರಿಯಾಯಿತು. ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಬಿಡದಿಯಿಂದ 2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್‌ಗೆ ಡೀಸೆಲ್ ಎಂಜಿನ್ ಇಲ್ಲ. ಪೆಟ್ರೋಲ್, ಇಲ್ಲವೇ ಪೆಟ್ರೋಲಿನ ಜೊತೆಗೆ ಬ್ಯಾಟರಿ. ಅತ್ತ ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಮಟ್ಟವನ್ನು ದೇಶ 2025ರಲ್ಲಿ ಮುಟ್ಟಿತು. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆಯಾದ್ದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಆದರೆ ಅದು ಬರುವುದು ಕಬ್ಬು ಮತ್ತು ಧಾನ್ಯಗಳಿಂದ. ಪಾಂಡವಪುರದ ರೈತ ಬೆಳೆಯುವಂಥ ಬೆಳೆಯೊಂದು ಈಗ ಕಾರಿನ ಟ್ಯಾಂಕನ್ನೂ ತಲುಪುತ್ತಿದೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ಶ್ರೀರಂಗಪಟ್ಟಣ ಪೇಟೆಯನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕಾರುಗಳು ಪೆಟ್ರೋಲೋ ಡೀಸೆಲ್ಲೋ ಬ್ಯಾಟರಿಯೋ, ತಮಗೆ ಲೆಕ್ಕ ಹೊಂದಿದ್ದನ್ನು ಆರಿಸಿಕೊಂಡು ಅಲ್ಲಿ ಓಡುತ್ತವೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗುತ್ತದೆ. ಅದರ ಚಾಲಕನಿಗೆ ಆರಿಸಿಕೊಳ್ಳಲು ಬೇರೆ ಇಂಧನವಿಲ್ಲ. ನಾಲ್ಕು ದಶಕ ಅವನ ಹೆಸರಿನಲ್ಲಿ ಅಗ್ಗವಾಗಿದ್ದ ಡೀಸೆಲ್ಲಿಗೆ ಅವನು ಈಗ ಕೊಡುವುದು ಪೂರ್ತಿ ಬೆಲೆ.